ಡೀಸೆಲ್ ಬಂಡಿಗೆ ಬಲ, ಬಲಕ್ಕೊಂದು ಅಳತೆ

ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಬೊಂಬಾಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ಕೂಡಿಕೊಂಡದ್ದು ಈ ಊರಿನಲ್ಲಿ. ಆದರೆ ದೇವದುರ್ಗದ ಎರಿಹೊಲದ ಹತ್ತಿಯಾಗಲಿ, ಮಾನ್ವಿಯ ಜೋಳವಾಗಲಿ ಆ ಹಳಿಯನ್ನು ಮುಟ್ಟಬೇಕಾದರೆ ಎತ್ತಿನ ಬಂಡಿಯೇ ಗತಿಯಾಗಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಎಡದಂಡೆ ಕಾಲುವೆಯ ಜೊತೆಗೆ ಮಾನ್ವಿಗೆ ಭತ್ತ ಬಂತು. ಮುಂದೆ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳನ್ನು ತಲುಪಿತು. ಬೆಳೆ ಹೆಚ್ಚಿದಂತೆ ಹೇರೂ ಹೆಚ್ಚಿತು. ಎತ್ತಿನ ಜಾಗಕ್ಕೆ ಡೀಸೆಲ್ ಇಂಜಿನ್ ಬಂತು. ಇಂದು ಈ ರಸ್ತೆಗಳಲ್ಲಿ ಚೀಲ, ಗೊಬ್ಬರ, ಕೂಲಿಯಾಳು ಎಲ್ಲವನ್ನೂ ಹೊರುವುದು ಪಿಕಪ್ ಗಾಡಿ.

ಪಿಕಪ್ ಇಟ್ಟವನಿಗೆ ಇರುವ ಆಸೆ ಒಂದೇ: ಗಾಡಿ ಇನ್ನಷ್ಟು ಎಳೆಯಬೇಕು. ಕಮಾನಿಗೆ ಇನ್ನೊಂದು ಪಟ್ಟಿ ಸೇರುತ್ತದೆ, ಪಂಪಿನ ಸ್ಕ್ರೂ ತಿರುಗುತ್ತದೆ. ಹೀಗೆ ಬಲ ಕೂಡಿಸಿದಾಗ ಅದನ್ನು ಅಳೆಯುವ ಮೀಟರನ್ನೂ ಕೂಡಿಸಬೇಕೆಂಬುದು ಮಾತ್ರ ಅನೇಕರಿಗೆ ನೆನಪಾಗುವುದಿಲ್ಲ. ಡೀಸೆಲ್ ಇಂಜಿನ್ನಿನ ಚರಿತ್ರೆಯನ್ನು ನೋಡಿದರೆ ಇವೆರಡೂ ಮೊದಲಿನಿಂದ ಜೋಡಿಯಾಗಿಯೇ ನಡೆದು ಬಂದದ್ದು ಕಾಣುತ್ತದೆ.

ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ 1893ರ ಆಗಸ್ಟ್‌ನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಮೊದಲ ಇಂಜಿನ್ನನ್ನು ಪರೀಕ್ಷಿಸಿದ. ಒಳಗಿನ ಒತ್ತಡ ಅವನ ಲೆಕ್ಕವನ್ನು ಮೀರಿತು. ಸಿಲಿಂಡರಿಗೆ ಜೋಡಿಸಿದ್ದ ಒತ್ತಡದ ಮಾಪಕವೇ ಸಿಡಿದು ಚೂರಾಯಿತು. ಡೀಸೆಲ್ ಇಂಜಿನ್ನಿಗೆ ಬಲಿಯಾದ ಮೊದಲ ವಸ್ತು ಒಂದು ಮೀಟರು! ಆದರೂ ಡೀಸೆಲ್ ಅಳೆಯುವುದನ್ನು ಬಿಡಲಿಲ್ಲ. 1897ರಲ್ಲಿ ಅವನ ಇಂಜಿನ್ ಯಶಸ್ವಿಯಾದಾಗ, ಉರಿದ ಎಣ್ಣೆಯ ಶಕ್ತಿಯಲ್ಲಿ ನೂರಕ್ಕೆ 26ರಷ್ಟನ್ನು ಅದು ಕೆಲಸವಾಗಿ ಮಾರ್ಪಡಿಸುತ್ತದೆಂದು ಅಳತೆಯೇ ತೋರಿಸಿಕೊಟ್ಟಿತು. ಅಂದಿನ ಉಗಿಯಂತ್ರಗಳು ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ.

ಈ ಇಂಜಿನ್ ಕೆಲಸ ಮಾಡುವ ಬಗೆ ಸರಳ. ಅದು ಬರೀ ಗಾಳಿಯನ್ನು ಒಳಗೆಳೆದು ಬಿಗಿಯಾಗಿ ಒತ್ತುತ್ತದೆ. ಒತ್ತಿದ ಗಾಳಿ ಕೆಂಡದಂತೆ ಕಾಯುತ್ತದೆ. ಅದರೊಳಕ್ಕೆ ಎಣ್ಣೆ ಚಿಮ್ಮಿಸಿದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಬಲ ಹೆಚ್ಚಬೇಕಾದರೆ ಎಣ್ಣೆ ಹೆಚ್ಚಬೇಕು. ಎಣ್ಣೆ ಪೂರ್ತಿ ಉರಿಯಬೇಕಾದರೆ ಗಾಳಿಯೂ ಹೆಚ್ಚಬೇಕು. ಗಾಳಿಯ ದಾರಿಯನ್ನು ಹುಡುಕಿದವನು ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಕಿ. ಹೊಗೆಯ ರಭಸದಿಂದಲೇ ತಿರುಗುವ ಚಕ್ರವೊಂದು ಇಂಜಿನ್ನಿಗೆ ಗಾಳಿ ತುರುಕುವ ಏರ್ಪಾಟಿಗೆ ಅವನು 1905ರಲ್ಲಿ ಪೇಟೆಂಟ್ ಪಡೆದ. ಇದೇ ಇಂದಿನ ಟರ್ಬೊ. 1920ರ ದಶಕದಲ್ಲಿ ಎರಡು ಜರ್ಮನ್ ಹಡಗುಗಳ ಇಂಜಿನ್ನುಗಳಿಗೆ ಇದನ್ನು ಜೋಡಿಸಿದಾಗ 1,750 ಅಶ್ವಶಕ್ತಿಯದು 2,500ಕ್ಕೆ ಏರಿತು.

ಎಣ್ಣೆಯನ್ನು ಅಳೆದು ಕೊಡುವ ಕೆಲಸ ಪಂಪಿನದು. ಜರ್ಮನಿಯ ಬಾಷ್ ಕಂಪನಿ ಇದನ್ನು 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಕನ್ನಡನಾಡಿಗೆ ಈ ವಿದ್ಯೆ ಬಂದದ್ದು ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಮೂಲಕ. 1951ರಲ್ಲಿ ಸ್ಥಾಪನೆಯಾದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ, ಹಳೆಯ ಮೆಕ್ಯಾನಿಕರ ಬಾಯಲ್ಲಿ ಪಂಪೆಂದರೆ ಮೈಕೋ ಪಂಪೇ. ಹಳೆಯ ಪಂಪಿನಲ್ಲಿ ಎಣ್ಣೆಯ ಮಿತಿಯನ್ನು ಒಂದು ಸ್ಕ್ರೂ ನಿರ್ಧರಿಸುತ್ತಿತ್ತು. ತಯಾರಕರು ಅದಕ್ಕೆ ಸೀಲು ಹಾಕಿ ಕಳಿಸುತ್ತಿದ್ದರು. ಸೀಲು ಒಡೆದು ಅರ್ಧ ಸುತ್ತು ತಿರುಗಿಸಿದರೆ ಗಾಡಿ ಎದ್ದು ಓಡುವಂತೆ ಕಾಣುತ್ತದೆ. ಹಿಂದೆ ಕರಿ ಹೊಗೆಯೂ ಏಳುತ್ತದೆ.

ಆ ಹೊಗೆಯ ಅರ್ಥವೇನು? ಎಣ್ಣೆಗೆ ತಕ್ಕ ಗಾಳಿ ಸಿಕ್ಕಿಲ್ಲ ಎಂದು. ಜೊತೆಗೆ ಇಂಜಿನ್ನಿನ ಒಳಗಿನ ಶಾಖವೂ ಏರುತ್ತದೆ. ರಾಯಚೂರು ಸೀಮೆಯಲ್ಲಿ ಇದು ಇನ್ನೂ ಕಠಿಣ. 40 ಡಿಗ್ರಿಯ ಬೇಸಿಗೆಯ ಗಾಳಿ 20 ಡಿಗ್ರಿಯ ಗಾಳಿಗಿಂತ ನೂರಕ್ಕೆ ಆರರಷ್ಟು ತೆಳು. ಎರಿಮಣ್ಣಿನ ಧೂಳು ಫಿಲ್ಟರಿಗೆ ಕಟ್ಟಿಕೊಂಡರೆ ಆ ತೆಳು ಗಾಳಿಯೂ ಸರಿಯಾಗಿ ಒಳಹೋಗುವುದಿಲ್ಲ. ಪಿಸ್ಟನ್ ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲೇ ಕರಗುತ್ತದೆ.

ಇಲ್ಲಿಯೇ ಮೀಟರಿನ ಅಗತ್ಯ ತಿಳಿಯುವುದು. ಬಲ ಹೆಚ್ಚಿಸಿದ ಡೀಸೆಲ್ ಗಾಡಿಗೆ ಮೂರು ಮೀಟರು ಮುಖ್ಯ: ಆಯಿಲ್ ಒತ್ತಡದ್ದು, ಟರ್ಬೊ ಗಾಳಿಯ ಒತ್ತಡದ್ದು, ಹೊಗೆಯ ಶಾಖದ್ದು. ಮುಳ್ಳಿನ ಒತ್ತಡದ ಮೀಟರಿನ ಹಿಂದಿರುವುದು ಫ್ರಾನ್ಸಿನ ಯುಜೀನ್ ಬೂರ್ದೋನ್ 1849ರಲ್ಲಿ ಕಂಡುಹಿಡಿದ ಬಾಗಿದ ಕೊಳವೆ. ಒತ್ತಡ ಏರಿದಂತೆ ಕೊಳವೆ ನೆಟ್ಟಗಾಗಲು ಹವಣಿಸುತ್ತದೆ, ಮುಳ್ಳು ತಿರುಗುತ್ತದೆ. ಶಾಖದ ಮೀಟರಿನ ಮೂಲ ಇನ್ನೂ ಹಿಂದಿನದು. ಎರಡು ಬೇರೆ ಲೋಹಗಳ ಬೆಸುಗೆ ಕಾದರೆ ವಿದ್ಯುತ್ ಹುಟ್ಟುತ್ತದೆ. ಈ ಗುಣವನ್ನು ಸೀಬೆಕ್ ಎಂಬ ವಿಜ್ಞಾನಿ 1821ರಲ್ಲಿ ಗುರುತಿಸಿದ್ದ.

ಇವನ್ನು ಕೂರಿಸುವುದಕ್ಕೂ ಕ್ರಮವಿದೆ. ಆಯಿಲ್ ಮೀಟರಿಗೆ, ದೀಪದ ಸ್ವಿಚ್ಚು ಇರುವಲ್ಲಿ ಟಿ ಆಕಾರದ ಜೋಡಣೆ ಹಾಕಿ ದೀಪವನ್ನೂ ಉಳಿಸಿಕೊಳ್ಳಬೇಕು. ಗಾಳಿಯ ಮೀಟರಿನ ಕೊಳವೆ ಟರ್ಬೊ ದಾಟಿದ ಮೇಲಿನ ಗಾಳಿದಾರಿಯಿಂದ ಬರಬೇಕು. ಶಾಖದ ಕಡ್ಡಿ ಹೊಗೆ ಟರ್ಬೊ ತಲುಪುವ ಮೊದಲೇ ಇರಬೇಕು. ಅದಕ್ಕೆ ತೂತು ಕೊರೆಯುವಾಗ ಮ್ಯಾನಿಫೋಲ್ಡ್ ಬಿಚ್ಚಿಕೊಳ್ಳುವುದೇ ಸರಿ. ಇಲ್ಲವಾದರೆ ಕಬ್ಬಿಣದ ಚೂರು ಟರ್ಬೊ ಚಕ್ರವನ್ನು ತಿಂದುಹಾಕೀತು. ಹೊಗೆಯ ಶಾಖ 700 ಡಿಗ್ರಿ ದಾಟಿ ಬಹಳ ಹೊತ್ತು ನಿಲ್ಲಬಾರದೆಂಬುದು ಈ ಕೆಲಸ ಬಲ್ಲವರ ರೂಢಿ. ಮುಳ್ಳು ಅತ್ತ ಸರಿದರೆ ಕಾಲು ಸಡಿಲಿಸಬೇಕು, ಗೇರು ಇಳಿಸಬೇಕು. ಗಾಡಿಯ ಕೆಂಪು ದೀಪವನ್ನೇ ನಂಬಿ ಕೂತರೆ ಅದು ಹತ್ತುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಹೇಳಿದ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲಿನ ಗಾಡಿಗಳಲ್ಲಿ ತಿರುಗಿಸಲು ಆ ಹಳೆಯ ಸ್ಕ್ರೂ ಇಲ್ಲ. ಎಣ್ಣೆಯ ಲೆಕ್ಕ ಕಂಪ್ಯೂಟರಿನದು. ಅದನ್ನು ವಂಚಿಸುವ ಡಬ್ಬಿಗಳೂ ಪೇಟೆಗೆ ಬಂದಿವೆ. ಸೀಲು ಒಡೆಯುವ ಹಳೆಯ ಚಾಳಿಯ ಹೊಸ ರೂಪ ಅದು.

ಬಲದ ಆಸೆ ತಪ್ಪೇನಲ್ಲ. ಸಾಲ ಮಾಡಿ ಗಾಡಿ ಕೊಂಡವನಿಗೆ ಒಂದು ಟ್ರಿಪ್ಪು ಉಳಿದರೆ ಅದೇ ಲಾಭ. ಆದರೆ ಇಂಜಿನ್ನಿಗೆ ಕೂಡಿಸಿದ ಬಲ ಬ್ರೇಕಿಗೆ ಬರುವುದಿಲ್ಲ, ಟೈರಿಗೂ ಬರುವುದಿಲ್ಲ. ಸುಗ್ಗಿಯ ನಡುವೆ ಪಿಸ್ಟನ್ ಹೋದರೆ ಕಂತು ತಪ್ಪುತ್ತದೆ. ಹೇರಿನ ಮೇಲೆ ಕೂಲಿಯವರು ಕೂತಾಗ ಬ್ರೇಕು ಹಿಡಿಯದಿದ್ದರೆ ಕಂತಿಗಿಂತ ದೊಡ್ಡದೇ ಹೋಗುತ್ತದೆ. ಬಂಡಿ ಹೊಡೆಯುವವನು ಎತ್ತಿನ ಏದುಸಿರು ಕೇಳಿ ಹೇರು ಇಳಿಸುತ್ತಿದ್ದ. ಇಂಜಿನ್ನಿನ ಏದುಸಿರು ಕಿವಿಗೆ ಕೇಳುವುದಿಲ್ಲ, ಮುಳ್ಳಿನಲ್ಲಿ ಕಾಣುತ್ತದೆ. ಪಂಪಿಗೆ ಕೈಹಾಕುವ ಮುನ್ನ ಮೊದಲು ಕೂರಿಸಬೇಕಾದದ್ದು ಅದನ್ನೇ.