ಗೆದ್ದವನು, ಸೋತವನು ಮತ್ತು ನಕಲು ಮಾಡಿದವನು

ಇಬ್ಬರು ಎದುರುಬದುರಾಗಿ ನಿಂತಿದ್ದಾರೆ. ಒಬ್ಬನ ಪಕ್ಕದಲ್ಲಿ ‘ಗೆಲುವು’, ಮತ್ತೊಬ್ಬನ ಪಕ್ಕದಲ್ಲಿ ‘ಸೋಲು’ ಎಂದು ಚೀನೀ ಲಿಪಿಯಲ್ಲಿ ಬರೆದಿದೆ. ಚಿತ್ರದಲ್ಲಿ ನೆಲವಿಲ್ಲ, ಹಿನ್ನೆಲೆಯಿಲ್ಲ, ನೆರಳಿಲ್ಲ. ಕುಂಚದ ಕೆಲವೇ ಗೆರೆಗಳಲ್ಲಿ ಒಂದು ಪಟ್ಟು ಮುಗಿದುಹೋಗಿದೆ. ಇಂಥ 48 ಚಿತ್ರಗಳು ‘ಬುಬಿಶಿ’ ಎಂಬ ಹಸ್ತಪ್ರತಿಯಲ್ಲಿವೆ. ಕರಾಟೆಯ ಚರಿತ್ರೆ ಬರೆಯುವವರೆಲ್ಲ ಒಮ್ಮೆಯಾದರೂ ಈ ಪುಟಗಳ ಮುಂದೆ ಕೂರಬೇಕಾಗುತ್ತದೆ.

ಮೊದಲು ಒಂದು ಗೊಂದಲ ಕಳೆಯಬೇಕು. ಇದೇ ಹೆಸರಿನ ಬೃಹತ್ ಗ್ರಂಥವೊಂದು ಚೀನಾದಲ್ಲಿದೆ. ಮಿಂಗ್ ಕಾಲದ ಮಾವೋ ಯುವಾನ್‌ಯಿ 1621ರಲ್ಲಿ ಮುಗಿಸಿದ ಆ ಯುದ್ಧಶಾಸ್ತ್ರದಲ್ಲಿ 240 ಅಧ್ಯಾಯಗಳಿವೆ. ಒಕಿನಾವಾದ ಬುಬಿಶಿ ಅದಲ್ಲ. ಅದು ಚಿಕ್ಕದು, ಅಂಕುಡೊಂಕು, ಯಾರೋ ಗುರುವಿನ ಟಿಪ್ಪಣಿ ಪುಸ್ತಕದ ಹಾಗಿದೆ. ಫುಜಿಯಾನ್ ಪ್ರಾಂತ್ಯದ ಬಿಳಿ ಕೊಕ್ಕರೆ ಪಂಥದ ಕತೆ, ಗಿಡಮೂಲಿಕೆ ಔಷಧ, ಮರ್ಮಸ್ಥಾನಗಳ ಪಟ್ಟಿ, ಕೈಗಳ ಆಕಾರ, ಕೊನೆಗೆ ಈ ಜೋಡಿಚಿತ್ರಗಳು. ರ್ಯುಕ್ಯು ರಾಜ್ಯಕ್ಕೂ ಫುಜಿಯಾನಿನ ಬಂದರುಗಳಿಗೂ ಶತಮಾನಗಳ ಹಡಗಿನ ನಂಟಿತ್ತು. 1879ರಲ್ಲಿ ಜಪಾನ್ ಆ ರಾಜ್ಯವನ್ನು ನುಂಗಿದ ಮೇಲೂ ನಾಹಾ ಪಟ್ಟಣದಲ್ಲಿ ಚೀನೀ ಚಹಾ ವ್ಯಾಪಾರಿಗಳಿದ್ದರು, ಅವರಲ್ಲಿ ಕೊಕ್ಕರೆ ಪಂಥ ಬಲ್ಲವರೂ ಇದ್ದರು.

ಬಹಳ ಕಾಲ ಅಚ್ಚಿಗೆ ಹೋಗದ ಪುಸ್ತಕವಿದು. ಗುರುವಿನ ಪ್ರತಿಯಿಂದ ಶಿಷ್ಯ ತನ್ನ ಕೈಯಾರೆ ನಕಲು ಮಾಡಿಕೊಳ್ಳುತ್ತಿದ್ದ, ಅಕ್ಷರವನ್ನೂ ಚಿತ್ರವನ್ನೂ. ನಕಲು ಮಾಡಿದವನು ಚಿತ್ರಕಾರನಲ್ಲ, ಹೊಡೆದಾಟ ಕಲಿತವನು ಎಂಬುದು ಇಲ್ಲಿ ಮುಖ್ಯ. ಆದ್ದರಿಂದಲೇ ಮುಖಗಳು ಸಪ್ಪೆ, ಬಟ್ಟೆಯ ಮಡಿಕೆಗಳು ಒಂದೊಂದು ಪ್ರತಿಯಲ್ಲಿ ಒಂದೊಂದು ಥರ. ಮಣಿಕಟ್ಟು ಎಲ್ಲಿ ತಿರುಗಿದೆ, ಪಾದ ಎಲ್ಲಿ ಊರಿದೆ ಎಂಬಲ್ಲಿ ಮಾತ್ರ ಗೆರೆ ಗಟ್ಟಿಯಾಗಿ ನಿಲ್ಲುತ್ತದೆ. ಆ ಗೆರೆಯನ್ನು ಅವನ ಕಣ್ಣಿಗಿಂತ ಹೆಚ್ಚಾಗಿ ಅವನ ಮೈ ಎಳೆದಿದೆ ಎಂದು ನನಗೆ ಅನ್ನಿಸುತ್ತದೆ.

ಹೀಗೆಂದು ಎಲ್ಲವನ್ನೂ ರಮ್ಯವಾಗಿ ನೋಡಲಾಗದು. ಮೂಲದ ಭಾಷೆಯಲ್ಲಿ ಫುಜಿಯಾನಿನ ಆಡುಮಾತಿನ ಬೆರಕೆಯಿದೆ. ಒಕಿನಾವಾದ ನಕಲುಕಾರರಿಗೆ ಎಷ್ಟೋ ಅಕ್ಷರ ಅರ್ಥವಾಗಲಿಲ್ಲ, ಕಂಡ ಹಾಗೆ ಬರೆದರು. ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಪಾಠಾಂತರಗಳನ್ನು ಅಡಿಟಿಪ್ಪಣಿಗೆ ಇಳಿಸಿ ಮುಂದೆ ಹೋಗುತ್ತೇವೆ. ಓಲೆಗರಿಯಲ್ಲಿ ಒಂದು ಅಕ್ಷರ ತಪ್ಪಿದರೆ ಪದ್ಯದ ಮಾತ್ರೆ ಕೆಡಬಹುದು. ಇಲ್ಲಿ ಒಂದು ಗೆರೆ ಜಾರಿದರೆ ಮೊಣಕೈಯ ಕೀಲು ಜಾರುತ್ತದೆ, ಔಷಧದ ಒಂದು ಅಕ್ಷರ ತಪ್ಪಿದರೆ ಬೇರೆಯೇ ಬೇರು ಕಷಾಯಕ್ಕೆ ಬೀಳುತ್ತದೆ. ದಿನವನ್ನು ಎರಡೆರಡು ಗಂಟೆಯ ಹನ್ನೆರಡು ಭಾಗ ಮಾಡಿ, ಯಾವ ಹೊತ್ತಿಗೆ ಯಾವ ಮರ್ಮಕ್ಕೆ ಹೊಡೆಯಬೇಕು ಎಂದು ಹೇಳುವ ಪುಟಗಳೂ ಇವೆ. ಅವುಗಳನ್ನು ನಾನು ಶರೀರಶಾಸ್ತ್ರವೆಂದು ಓದುವುದಿಲ್ಲ, ಭಯದ ಒಂದು ದಾಖಲೆಯೆಂದು ಓದುತ್ತೇನೆ.

ಇದರ ಪಕ್ಕಕ್ಕೆ ಜಪಾನಿನ ಮುಖ್ಯ ದ್ವೀಪದ ಒಂದು ಸುರುಳಿಯನ್ನು ಇಟ್ಟು ನೋಡಬೇಕು. 1601ರಲ್ಲಿ ಶಿಂಕಾಗೆ ಪಂಥದ ಕತ್ತಿವರಸೆಯ ಗುರು ಯಾಗ್ಯು ಸೆಕಿಶೂಸಾಯ್ ತನ್ನ ಶಿಷ್ಯನೊಬ್ಬನಿಗೆ ಸಚಿತ್ರ ಸುರುಳಿಯನ್ನು ಕೊಟ್ಟ. ಅದು ನಾರಾ ಪ್ರಾಂತ್ಯದ ಇಕೋಮಾದ ಹೋಜಾನ್‌ಜಿ ದೇವಾಲಯದಲ್ಲಿದೆ. ಅದರ ಒಂದು ಭಾಗದಲ್ಲಿ ಕತ್ತಿ ಹಿಡಿದವರು ತೆಂಗುಗಳು, ಅಂದರೆ ರೆಕ್ಕೆಯುಳ್ಳ ಬೆಟ್ಟದ ಭೂತಗಳು. (ನಮ್ಮ ತೆಂಗಿನಮರಕ್ಕೂ ಇವಕ್ಕೂ ಸಂಬಂಧವಿಲ್ಲ.) ಹೊರಗಿನವನು ಆ ಸುರುಳಿ ಬಿಚ್ಚಿದರೆ ಚಿತ್ರ ಕಾಣುತ್ತದೆ, ವಿದ್ಯೆ ದಕ್ಕುವುದಿಲ್ಲ. ಅದು ಕಲಿತವನಿಗೆ ಕೊಟ್ಟ ಸನ್ನದು, ಕಲಿಯುವವನ ಪಠ್ಯವಲ್ಲ. ಪಡೆದ ಶಿಷ್ಯನೂ ಸಾಮಾನ್ಯನಲ್ಲ: ನೋ ನಾಟಕದ ಕೋಂಪಾರು ಮನೆತನದ ನಟ ಉಜಿಕಾತ್ಸು.

ರಂಗಭೂಮಿಯ ಈ ಎಳೆ ಬುಬಿಶಿಯಲ್ಲೂ ಸಿಗುತ್ತದೆ. ಅದರಲ್ಲೊಬ್ಬ ದೇವರ ಚಿತ್ರವಿದೆ. ಗೋಜು ಪಂಥದ ಕರಾಟೆ ಶಾಲೆಗಳು ಆತನನ್ನು ‘ಬುಸಾಗನಾಶಿ’ ಎಂದು ಗೋಡೆಯ ಮೇಲಿಟ್ಟು ನಮಸ್ಕರಿಸುತ್ತವೆ. ಫುಜಿಯಾನಿನಲ್ಲಿ ಅದೇ ದೇವರು ನಾಟಕದವರ ಕುಲದೈವ. ಗೆಜ್ಜೆ ಕಟ್ಟುವವರ ದೇವರು ಗರಡಿಯ ದೇವರಾದದ್ದು ನಮಗೇನೂ ವಿಚಿತ್ರವಾಗಿ ಕಾಣಬೇಕಿಲ್ಲ. ಗೋಜು ಎಂಬ ಹೆಸರೂ ಈ ಹಸ್ತಪ್ರತಿಯದೇ: ಉಸಿರಾಟದ ಗಡಸು ಮತ್ತು ಮೆದುವಿನ ಬಗ್ಗೆ ಅಲ್ಲಿರುವ ಒಂದು ಸಾಲಿನಿಂದ ಮಿಯಾಗಿ ಚೋಜುನ್ ತನ್ನ ಪಂಥಕ್ಕೆ ಹೆಸರಿಟ್ಟ. ಆ ಎರಡು ಅಕ್ಷರಗಳಲ್ಲಿ ಯಾವ ನಕಲುಕಾರನೂ ತಪ್ಪಲಿಲ್ಲವಲ್ಲ!

1934ರಲ್ಲಿ ಮಾಬುನಿ ಕೆನ್ವಾ ತನ್ನ ಕರಾಟೆ ಪುಸ್ತಕದ ಜೊತೆ ಬುಬಿಶಿಯನ್ನೂ ಅಚ್ಚು ಹಾಕಿಸಿದ. ಆಧಾರ, ಗುರು ಇತೊಸು ಆಂಕೊ ಅವರ ಪ್ರತಿ. ಮರುವರ್ಷ ಫುನಾಕೋಶಿ ಗಿಚಿನ್ ಕೂಡ ತನ್ನ ‘ಕರಾಟೆ-ದೋ ಕ್ಯೋಹಾನ್’ನಲ್ಲಿ ಅದರ ಭಾಗಗಳನ್ನು ಸೇರಿಸಿದ. ಗುಟ್ಟು ಹೊರಬಿತ್ತೆಂದು ಮರುಗುವವರು ಈಗಲೂ ಇದ್ದಾರೆ. ಆದರೆ 1945ರ ಯುದ್ಧದಲ್ಲಿ ಶೂರಿಯ ಅರಮನೆಯೂ ಊರೂ ಸುಟ್ಟುಹೋದವು, ಮನೆಮನೆಯ ಪೆಟ್ಟಿಗೆಗಳಲ್ಲಿದ್ದ ಕಾಗದಪತ್ರಗಳೂ ಹೋದವು. ಮಾಬುನಿಯ ಅಚ್ಚಿನ ಪುಸ್ತಕದಲ್ಲಿ ಆ ಇಬ್ಬರು ಇನ್ನೂ ನಿಂತಿದ್ದಾರೆ, ಒಬ್ಬನ ಪಕ್ಕ ಗೆಲುವು, ಒಬ್ಬನ ಪಕ್ಕ ಸೋಲು. ಅವರನ್ನು ಮೊದಲು ಬರೆದವನ ಹೆಸರು ಪುಟದ ಮೇಲೆ ಎಲ್ಲೂ ಇಲ್ಲ.