ತೆರೆದ ಪ್ರಾಕ್ಸಿ: ಹತ್ತು ಸಾಲಿನ ಸ್ಕ್ರಿಪ್ಟ್ ತಂದ ತಲೆನೋವು

ಸೊಲ್ಲಾಪುರದಲ್ಲಿ ನನ್ನದು ಚಾದರ, ಟವೆಲ್‌ಗಳ ಸಣ್ಣ ವ್ಯಾಪಾರ. ಅಕ್ಕಲಕೋಟೆ ಕಡೆಯ ನನ್ನ ಗಿರಾಕಿಗಳು ಹೆಚ್ಚಾಗಿ ಕನ್ನಡದವರು. ಸರಕು ಕೊಡುವವರ ದರಪಟ್ಟಿ ಮಾತ್ರ ಮರಾಠಿಯಲ್ಲಿ, ಅವರದ್ದೇ ವೆಬ್‌ಸೈಟಿನಲ್ಲಿ. ಅದನ್ನು ತಂದು ಕನ್ನಡದಲ್ಲಿ ತೋರಿಸುವ ಪುಟವೊಂದನ್ನು ಸಂಬಂಧಿಕ ಹುಡುಗನಿಂದ ಮಾಡಿಸಿದ್ದೆ. ಒಂದು ಸೈಟಿನ ಪುಟ ಇನ್ನೊಂದು ಸೈಟಿನ ಮಾಹಿತಿಯನ್ನು ನೇರವಾಗಿ ಓದಲು ಬ್ರೌಸರ್ ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಅವನು ನಮ್ಮ ಸರ್ವರಿನಲ್ಲಿ ಹತ್ತು ಸಾಲಿನ ಸ್ಕ್ರಿಪ್ಟ್ ಇಟ್ಟ. ಯಾವ ವಿಳಾಸ ಕೊಟ್ಟರೂ ಆ ಪುಟವನ್ನು ತಂದು ಕೊಡುವುದು ಅದರ ಕೆಲಸ. ಇದೇ ವೆಬ್ ಪ್ರಾಕ್ಸಿ. ಯಾರು ಬೇಕಾದರೂ, ಯಾವ ವಿಳಾಸಕ್ಕೆ ಬೇಕಾದರೂ ಬಳಸಬಹುದಾದರೆ ಅದು ತೆರೆದ ಪ್ರಾಕ್ಸಿ.

ಮೂರೇ ವಾರದಲ್ಲಿ ಹೋಸ್ಟಿಂಗ್‌ನವರು ಖಾತೆ ನಿಲ್ಲಿಸಿದರು. ಲಾಗ್ ತೆಗೆದು ನೋಡಿದ್ರೆ ದರಪಟ್ಟಿ ಕೇಳಿದವರು ಬೆರಳೆಣಿಕೆ. ಉಳಿದದ್ದೆಲ್ಲ ಜೂಜಿನ ಸೈಟು, ಯಾವುದೋ ಬ್ಯಾಂಕಿನ ಲಾಗಿನ್ ಪುಟ. ವಿಳಾಸ ಯಾರಿಗೂ ಹೇಳಿರಲಿಲ್ಲವಲ್ಲ ಅಂತ ಹುಡುಗ ಕೇಳಿದ. ಹೇಳಬೇಕಾಗಿಲ್ಲ ಮಾರಾಯ, ಇಂಥ ಬಾಗಿಲು ಹುಡುಕುವ ಯಂತ್ರಗಳು ಹಗಲು ರಾತ್ರಿ ಇಂಟರ್ನೆಟ್ ಜಾಲಾಡುತ್ತಿರುತ್ತವೆ.

ಇದು ಸಣ್ಣವರಿಗೆ ಮಾತ್ರ ಆಗುವುದಲ್ಲ. ಡೆವಲಪರ್‌ಗಳು ತುಂಬಾ ಬಳಸುತ್ತಿದ್ದ ‘ಕಾರ್ಸ್ ಎನಿವೇರ್’ ಪ್ರಾಕ್ಸಿಯ ಪ್ರದರ್ಶನ ಸರ್ವರ್ ದುರುಪಯೋಗ ತಡೆಯಲಾಗದೆ 2021ರ ಜನವರಿ 31ರಿಂದ ಎಲ್ಲರಿಗೂ ತೆರೆದಿರುವುದನ್ನು ನಿಲ್ಲಿಸಿತು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣ ಇನ್ನೂ ದೊಡ್ಡದು. ಹೊರಗಿನವರ ಮಾತು ಕೇಳಿ ಒಳಗಿನ ವಿಳಾಸಕ್ಕೆ ವಿನಂತಿ ಕಳಿಸುವಂತೆ ಸರ್ವರನ್ನು ಏಮಾರಿಸಿ ಅದರ ಕೀಲಿಗಳನ್ನೇ ಪಡೆದರು. ಅಮೆರಿಕದಲ್ಲಿ ಸುಮಾರು 10 ಕೋಟಿ, ಕೆನಡಾದಲ್ಲಿ 60 ಲಕ್ಷ ಜನರ ಮಾಹಿತಿ ಹೋಯಿತು.

ಖರ್ಚಿಗಿಂತ ಹೆಚ್ಚು ಹೆದರಬೇಕಾದದ್ದು ಹೆಸರಿಗೆ. ಪ್ರಾಕ್ಸಿ ಮೂಲಕ ಯಾರು ಏನು ಮಾಡಿದರೂ ಎದುರಿನವರಿಗೆ ಕಾಣುವುದು ನಮ್ಮ ಐಪಿ ವಿಳಾಸ. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಬಂದ ಇ-ಮೇಲ್‌ನ ಜಾಡು ಹಿಡಿದು ಪೊಲೀಸರು ತಲುಪಿದ್ದು ನವಿ ಮುಂಬಯಿಯ ಸಾನ್‌ಪಾಡಾದಲ್ಲಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಅವರ ವೈಫೈಗೆ ಸರಿಯಾದ ಬೀಗ ಇರಲಿಲ್ಲ, ಬೇರೆ ಯಾರೋ ಬಳಸಿದ್ದರು. ಅದು ಪ್ರಾಕ್ಸಿ ಅಲ್ಲ, ಆದರೆ ಸಿಕ್ಕಿಬೀಳುವ ರೀತಿ ಒಂದೇ. ಅಂಥ ವಿಚಾರಣೆಯಲ್ಲಿ ನಮ್ಮ ಹುಡುಗರ ಹೆಸರು ಒಮ್ಮೆ ಬಂದರೆ ಆಮೇಲೆ ‘ಸ್ಕ್ರಿಪ್ಟ್ ತೆರೆದಿತ್ತು ಸಾರ್’ ಅಂತ ವಿವರಿಸುವುದು ಎಷ್ಟು ಕಷ್ಟ ಅಂತ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಬಾಗಿಲು ಹಾಕುವುದು ಹೇಗೆ? ಎಲ್ಲಕ್ಕಿಂತ ಮುಖ್ಯ ಅನುಮತಿ ಪಟ್ಟಿ. ಯಾವ ಸೈಟುಗಳಿಂದ ತರಬೇಕೋ ಅವುಗಳ ಹೆಸರು ಮಾತ್ರ ಬರೆದು, ಉಳಿದದ್ದೆಲ್ಲ ನಿರಾಕರಿಸಬೇಕು. ಕೆಟ್ಟ ಸೈಟುಗಳ ಪಟ್ಟಿ ಮಾಡಿ ತಡೆಯಲು ಹೊರಟರೆ ಮುಗಿಯುವ ಕೆಲಸ ಅಲ್ಲ. ಹೆಸರು ಪೂರ್ತಿ ಹೊಂದುತ್ತದೆಯೇ ನೋಡಬೇಕು, ‘ಇದರಲ್ಲಿ ಆ ಹೆಸರು ಇದೆಯೇ’ ಅಂತ ನೋಡಿದರೆ ಸಾಲದು. ನಿಮ್ಮ ಪಟ್ಟಿಯ ಹೆಸರಿನ ಹಿಂದೆ ತಮ್ಮ ಡೊಮೈನ್ ಅಂಟಿಸಿ ಒಳಗೆ ಬರುತ್ತಾರೆ. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ಬಗೆಯ ವಿಳಾಸ ಬೇಡ, ಇಲ್ಲವಾದರೆ ಸರ್ವರಿನ ಸ್ವಂತ ಕಡತಗಳನ್ನೇ ಓದಿಬಿಡಬಹುದು. 127, 10, 192.168ರಿಂದ ಶುರುವಾಗುವ ಒಳಗಿನ ವಿಳಾಸಗಳನ್ನು, ಕ್ಲೌಡ್ ಸರ್ವರುಗಳ ಗುಟ್ಟು ಇರುವ 169.254.169.254 ಅನ್ನು ಖಡಾಖಂಡಿತ ಮುಚ್ಚಬೇಕು. ಪುಟವು ‘ಬೇರೆ ಕಡೆ ಹೋಗು’ ಅಂತ ತಿರುಗಿಸಿದರೆ ಹೊಸ ವಿಳಾಸವನ್ನೂ ಮತ್ತೆ ಪರೀಕ್ಷಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ.

ನಂತರ ಮಿತಿಗಳು. ಒಂದು ಐಪಿಯಿಂದ ನಿಮಿಷಕ್ಕೆ ಇಷ್ಟೇ ವಿನಂತಿ, ಕಡತದ ಗಾತ್ರ ಇಷ್ಟೇ, ಕಾಯುವ ಸಮಯ ಇಷ್ಟೇ. ತಂದ ಪುಟವನ್ನು ಸ್ವಲ್ಪ ಹೊತ್ತು ಉಳಿಸಿಕೊಂಡರೆ ಎದುರಿನ ಸೈಟಿಗೂ ಹೊರೆ ಕಡಿಮೆ. ಕುಕಿ, ಪಾಸ್‌ವರ್ಡ್ ಆಚೆ ಈಚೆ ಸಾಗಿಸಲೇಬಾರದು. ಯಾವ ಪುಟದಿಂದ ಬಂದರು ಎಂದು ‘ರೆಫರರ್’ ನೋಡಿ ಬಿಡುವುದು ಬೀಗ ಅಲ್ಲ, ಅದನ್ನು ಯಾರೂ ಸುಳ್ಳಾಗಿ ಬರೆಯಬಹುದು. ಸ್ಕ್ವಿಡ್ ಹಾಕಿದವರು ಕೊನೆಯಲ್ಲಿರುವ ‘ಎಲ್ಲರಿಗೂ ನಿರಾಕರಣೆ’ ಸಾಲನ್ನು ಅಳಿಸಬೇಡಿ. ‘ವರ್ಕ್ ಆಗ್ತಿಲ್ಲ’ ಅಂತ ಅದನ್ನು ತೆಗೆದವರನ್ನು ನಾನೇ ನೋಡಿದ್ದೇನೆ.

ಲಾಗ್ ಇಡಿ. 2011ರ ಸೈಬರ್ ಕೆಫೆ ನಿಯಮಗಳಲ್ಲಿ ಪ್ರಾಕ್ಸಿ ಸರ್ವರಿನ ಲಾಗ್ ಕನಿಷ್ಠ ಒಂದು ವರ್ಷ ಉಳಿಸಬೇಕೆಂದಿದೆ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೇವೆ ಒದಗಿಸುವವರು, ಕಂಪನಿಗಳು 180 ದಿನಗಳ ಲಾಗ್ ಇಡಬೇಕು, ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕು. ವಿಚಾರಣೆ ಬಂದರೆ ನಿಮ್ಮ ಪರವಾಗಿ ಮಾತಾಡುವುದು ಆ ಲಾಗ್ ಒಂದೇ.

ಬೇರೆಯವರ ಉಚಿತ ಪ್ರಾಕ್ಸಿ ಬಳಸುವ ಹುಡುಗರಿಗೂ ಒಂದು ಮಾತು. ಅಂಥ ವೆಬ್ ಪ್ರಾಕ್ಸಿಯಲ್ಲಿ ನೀವು ಟೈಪ್ ಮಾಡಿದ ಪಾಸ್‌ವರ್ಡ್ ನಡೆಸುವವನಿಗೆ ಕಾಣಬಹುದು. ಗಲ್ಫ್‌ನಲ್ಲಿರುವವರು ಇನ್ನೂ ಜಾಗ್ರತೆ ಇರಬೇಕು: ಯುಎಇಯ 2021ರ 34ನೇ ಕಾನೂನಿನ ಪ್ರಕಾರ ಅಪರಾಧ ಮಾಡಲು ಅಥವಾ ಮುಚ್ಚಿಡಲು ಐಪಿ ವಿಳಾಸ ಮರೆಮಾಚಿದರೆ ಜೈಲು, 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ.

ನನ್ನ ವಿಷಯಕ್ಕೆ ಬಂದರೆ, ಕೊನೆಗೆ ಪ್ರಾಕ್ಸಿಯನ್ನೇ ತೆಗೆಸಿದೆ. ದರ ಬದಲಾಗುವುದು ದಿನಕ್ಕೊಮ್ಮೆ; ಗಿರಾಕಿ ಕೇಳಿದಾಗಲೆಲ್ಲ ಓಡಿ ತರುವ ಅಗತ್ಯ ಏನಿತ್ತು? ಈಗ ಸರ್ವರ್ ಬೆಳಿಗ್ಗೆ 6ಕ್ಕೆ ತಾನೇ ಒಂದು ಸಲ ಆ ಒಂದೇ ಪುಟ ತಂದು ಕಡತದಲ್ಲಿಡುತ್ತದೆ. ಅಕ್ಕಲಕೋಟೆಯವರು ನೋಡುವುದು ಆ ಕಡತವನ್ನು. ಹೊರಗಿನವರು ವಿಳಾಸ ಕೊಡುವ ಜಾಗವೇ ಅದರಲ್ಲಿಲ್ಲ.