ಕಾಗೋಡಿನ ಕೊಳಗ ಮತ್ತು ಸಮಿತಿಯ ಕೋಣೆ

ವಿಧಾನಸಭೆಯಲ್ಲಿ ಗಲಾಟೆ ಆದ್ರೆ ಸಾಕು, ನಮ್ಮ ಚಾನೆಲ್‌ಗಳಲ್ಲಿ ಇಡೀ ದಿನ ಅದೇ ಬ್ರೇಕಿಂಗ್ ನ್ಯೂಸ್. ಆದರೆ ಶಾಸಕಾಂಗದ ಸಮಿತಿಗಳು ಕೂರೋ ಕೋಣೆಗೆ ನಮ್ಮ ಕ್ಯಾಮೆರಾಗೆ ಪ್ರವೇಶ ಇಲ್ಲ. ನೀವು ಉಳುವ ಗದ್ದೆ ನಿಮ್ಮ ಹೆಸರಿಗೆ ಬರುತ್ತೋ ಇಲ್ಲವೋ ಅನ್ನೋದರ ಅರ್ಧ ತೀರ್ಮಾನ ಆ ಕೋಣೆಯಲ್ಲೇ ಆಗಿರುತ್ತೆ. ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಇದು ಅನುಭವಿಸಿ ಗೊತ್ತಿರುವ ಚರಿತ್ರೆ.

1951ರ ಏಪ್ರಿಲ್. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕೇ ಜಗಳ ಶುರುವಾಯ್ತು. ಎಚ್. ಗಣಪತಿಯಪ್ಪ ಗೇಣಿದಾರರನ್ನು ಸಂಘಟಿಸಿದರು. ಸಮಾಜವಾದಿಗಳು ಕೈಜೋಡಿಸಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ, 1952ರ ಚುನಾವಣೆಯಲ್ಲಿ ಸಾಗರ-ಹೊಸನಗರದ ಜನ ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಆಗ ಕಂದಾಯ ಮಂತ್ರಿ ಯಾರು? ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪ. ಅದೇ ಮಲೆನಾಡಿನ ಇಬ್ಬರು, ಒಬ್ಬರು ಆಡಳಿತದ ಸಾಲಿನಲ್ಲಿ, ಇನ್ನೊಬ್ಬರು ಎದುರು ಸಾಲಿನಲ್ಲಿ!

ಹೋರಾಟ ಗೆದ್ದಿತು ಅಂದುಕೊಂಡಿರಾ? ಇಲ್ಲ. ಅದಿನ್ನೂ ಕಾನೂನು ಆಗಬೇಕಿತ್ತು.

1956ರಲ್ಲಿ ರಾಜ್ಯ ಒಂದಾಯ್ತು. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಗೇಣಿ ಕಾಯ್ದೆ. ಎಲ್ಲವನ್ನೂ ನೋಡಿ ವರದಿ ಕೊಡಿ ಅಂತ 1957ರಲ್ಲಿ ಬಿ.ಡಿ. ಜತ್ತಿ ನೇತೃತ್ವದ ಸಮಿತಿ ಬಂತು. 1958ರಲ್ಲಿ ಮಸೂದೆ ಬಂತು, ಅದು ಎರಡೂ ಸದನಗಳ ಜಂಟಿ ಆಯ್ಕೆ ಸಮಿತಿಗೆ ಹೋಯ್ತು. ಅಲ್ಲಿ ಆಗೋದೇನು? ಮಸೂದೆಯ ಒಂದೊಂದು ಖಂಡವನ್ನೂ ಎದುರಿಗಿಟ್ಟುಕೊಂಡು ಕೂರ್ತಾರೆ. ಅಧಿಕಾರಿಗಳನ್ನು ಕರೆಸಿ ಪ್ರಶ್ನೆ ಕೇಳ್ತಾರೆ. 'ಗೇಣಿದಾರ' ಅಂದ್ರೆ ಯಾರು? 'ಸ್ವಂತ ಸಾಗುವಳಿ' ಅಂದ್ರೆ ಏನು? ಒಂದು ಪದ ಅತ್ತಿತ್ತ ಆದ್ರೆ ಒಂದು ಕುಟುಂಬ ಬೀದಿಗೆ ಬರುತ್ತೆ. ಒಪ್ಪದ ಸದಸ್ಯ ತನ್ನ ಭಿನ್ನಾಭಿಪ್ರಾಯವನ್ನು ವರದಿಯ ಜೊತೆಗೇ ಬರೆದು ಸೇರಿಸಬಹುದು.

ವಿಪರ್ಯಾಸ ನೋಡಿ. ಆ ಮಸೂದೆ ಸಮಿತಿಯಲ್ಲಿದ್ದ ವರ್ಷಗಳಲ್ಲಿ ಗೋಪಾಲಗೌಡರು ಸದನದಲ್ಲೇ ಇರಲಿಲ್ಲ. 1957ರಲ್ಲಿ ಸೋತಿದ್ದರು, ಮತ್ತೆ ಗೆದ್ದು ಬಂದದ್ದು 1962ರಲ್ಲಿ, ತೀರ್ಥಹಳ್ಳಿಯಿಂದ. ಅಷ್ಟರಲ್ಲಿ 1961ರ ಭೂಸುಧಾರಣಾ ಕಾಯ್ದೆ ಸಿದ್ಧವಾಗಿತ್ತು. ಸ್ವಂತ ಸಾಗುವಳಿ ಮಾಡ್ತೀನಿ ಅಂತ ಹೇಳಿ ಒಡೆಯ ಗೇಣಿ ಭೂಮಿ ವಾಪಸ್ ಪಡೆಯೋ ದಾರಿ ಅದರಲ್ಲಿ ಉಳಿದಿತ್ತು. ಜಾರಿಗೆ ಬಂದದ್ದಂತೂ 1965ರ ಅಕ್ಟೋಬರ್ 2ಕ್ಕೆ.

ಆ ದಾರಿ ಮುಚ್ಚಿದ್ದು ದೇವರಾಜ ಅರಸರ ಕಾಲದಲ್ಲಿ. 1973ರ ತಿದ್ದುಪಡಿ ಮಸೂದೆಯೂ ಜಂಟಿ ಆಯ್ಕೆ ಸಮಿತಿಯನ್ನು ಹಾದೇ ಬಂತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರದ್ದಾಯ್ತು, ಗೇಣಿದಾರ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆಯನಾಗುವ ಹಾದಿ ತೆರೆಯಿತು. ಕಾಗೋಡಿನಿಂದ ಲೆಕ್ಕ ಹಾಕಿದರೆ 23 ವರ್ಷ. ಗೋಪಾಲಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

ಈ ಕೆಲಸಕ್ಕೆ ಬೆನ್ನೆಲುಬು ಯಾರು ಗೊತ್ತಾ? ವಿಧಾನಮಂಡಲದ ಸಚಿವಾಲಯ. ಶಾಸಕಾಂಗದ ಸಿಬ್ಬಂದಿ ಪ್ರತ್ಯೇಕವಾಗಿರಬೇಕು ಅಂತ ಸಂವಿಧಾನದ 187ನೇ ವಿಧಿಯೇ ಹೇಳುತ್ತೆ. ಪ್ರತಿ ಮಾತನ್ನೂ ಬರೆದುಕೊಳ್ಳುವ ವರದಿಗಾರರು, ಬೇರೆ ರಾಜ್ಯದ ಕಾಯ್ದೆ ಹುಡುಕಿ ಕೊಡುವ ಗ್ರಂಥಾಲಯ, ಟಿಪ್ಪಣಿ ಸಿದ್ಧಪಡಿಸುವ ಅಧಿಕಾರಿಗಳು. ಇವರಿಲ್ಲದಿದ್ದರೆ ಶಾಸಕ ಸರ್ಕಾರ ಕೊಟ್ಟ ಕಾಗದವನ್ನಷ್ಟೇ ನಂಬಿಕೊಂಡು ಕೂರಬೇಕಾಗುತ್ತೆ.

ಇವತ್ತಿನ ಮಾತಿಗೆ ಬರೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರದ ಊರುಗಳು ಮುಳುಗಿದವು. ನಾಡಿಗೆ ಬೆಳಕು ಕೊಟ್ಟ ಆ ಕುಟುಂಬಗಳಲ್ಲಿ ಎಷ್ಟೋ ಮಂದಿ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದಿದ್ದಾರೆ. ಮಂತ್ರಿಗಳು ಸದನದಲ್ಲಿ ಕೊಡುವ ಮಾತನ್ನು ಬೆನ್ನುಹತ್ತಲಿಕ್ಕೆ ಅಂತಲೇ ಒಂದು ಸಮಿತಿ ಇದೆ, ಸರ್ಕಾರಿ ಭರವಸೆಗಳ ಸಮಿತಿ. ನಡಾವಳಿಯಿಂದ ಭರವಸೆಗಳನ್ನು ಹೆಕ್ಕಿ, ಇದು ಏನಾಯ್ತು ಅಂತ ಇಲಾಖೆಯನ್ನು ಕೇಳೋದೇ ಅದರ ಕೆಲಸ.

ಆದ್ದರಿಂದ ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ ರಸ್ತೆ, ಚರಂಡಿ ಕೇಳಿ, ತಪ್ಪಿಲ್ಲ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಸ್ವಾಮಿ, ನೀವು ಯಾವ ಸಮಿತಿಯಲ್ಲಿದ್ದೀರಿ? ಎಷ್ಟು ಸಭೆಗೆ ಹೋಗಿದ್ದೀರಿ?